ಜಪಾನ್‌ನಲ್ಲಿ ಎಂಜಿನಿಯರಿಂಗ್ ಮಾಸ್ಟರ್ಸ್: ವಿವಿ ಹೆಸರು ನೋಡಬೇಕಾ, ಪ್ರೊಫೆಸರ್ ನೋಡಬೇಕಾ?

ಇಸಿ ಎಂಟನೇ ಸೆಮ್
ಎಲ್ಲರಿಗೂ ನಮಸ್ಕಾರ. ವಿಟಿಯು, ಎಲೆಕ್ಟ್ರಾನಿಕ್ಸ್, ಸಿಜಿಪಿಎ 8.1, ಜಪಾನಿ ಭಾಷೆ ಎನ್5 (ಐದರಲ್ಲಿ ಎಲ್ಲಕ್ಕಿಂತ ಕೆಳಗಿನ) ಮಟ್ಟ. ಸೆಮಿಕಂಡಕ್ಟರ್ ಡಿವೈಸ್ ಕಡೆ ಮಾಸ್ಟರ್ಸ್ ಮಾಡಬೇಕು ಅಂತಿದೆ. ರ‍್ಯಾಂಕಿಂಗ್ ನೋಡಿ ಮಾಡಿದ ಪಟ್ಟಿ ಇದು: ಟೋಕಿಯೊ ವಿವಿ, ಟೋಕಿಯೊ ಟೆಕ್, ಕ್ಯೋಟೊ, ತೊಹೊಕು, ಒಸಾಕಾ. ಮನೆಯಿಂದ ಹೆಚ್ಚೆಂದರೆ 8–10 ಲಕ್ಷ ರೂಪಾಯಿ ಹೊಂದಿಸಬಹುದು. ಕೋರಮಂಗಲದ ಒಂದು ಕನ್ಸಲ್ಟೆನ್ಸಿಯವರು ‘ಮೊದಲು ಒಂದು ವರ್ಷ ಲ್ಯಾಂಗ್ವೇಜ್ ಸ್ಕೂಲ್‌ಗೆ ಸೇರಿ, ಆಮೇಲೆ ಅಲ್ಲಿಂದಲೇ ವಿವಿ ನೋಡೋಣ’ ಅಂತಾರೆ. ಈ ಪಟ್ಟಿ ಸರಿ ಇದೆಯಾ? ಎಲ್ಲಿಂದ ಶುರು ಮಾಡಬೇಕು?

ಲ್ಯಾಬ್ ಕೀಲಿಕೈ
ಮೊದಲು ಒಂದು ತಿದ್ದುಪಡಿ. ಟೋಕಿಯೊ ಟೆಕ್ ಅನ್ನೋ ಹೆಸರಿನ ವಿವಿ ಈಗಿಲ್ಲ. 2024ರ ಅಕ್ಟೋಬರ್ 1ಕ್ಕೆ ಅದು ಟೋಕಿಯೊ ಮೆಡಿಕಲ್ ಅಂಡ್ ಡೆಂಟಲ್ ವಿವಿ ಜೊತೆ ಸೇರಿ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಟೋಕಿಯೊ ಆಯ್ತು. ಅರ್ಜಿಯಲ್ಲಾಗಲಿ, ಪ್ರೊಫೆಸರಿಗೆ ಬರೆಯುವ ಮೇಲ್‌ನಲ್ಲಾಗಲಿ ಹಳೇ ಹೆಸರು ಹಾಕಬೇಡಿ. ಇವರು ನಮ್ಮ ವೆಬ್‌ಸೈಟನ್ನೇ ತೆರೆದು ನೋಡಿಲ್ಲ ಅಂತ ಅವರಿಗೆ ತಕ್ಷಣ ಗೊತ್ತಾಗುತ್ತೆ.

ಇನ್ನು ಪಟ್ಟಿ. ಐದು ವಿವಿ ಹೆಸರಿದೆ, ಒಂದು ಲ್ಯಾಬ್ ಹೆಸರೂ ಇಲ್ಲ. ಜಪಾನಿನ ಮಾಸ್ಟರ್ಸ್ ಎರಡು ವರ್ಷ, ಸಾಮಾನ್ಯವಾಗಿ 30 ಕ್ರೆಡಿಟ್. ಅದರಲ್ಲೂ ದೊಡ್ಡ ಪಾಲು ಲ್ಯಾಬ್ ಸೆಮಿನಾರಿಗೆ, ಸಂಶೋಧನೆಗೆ ಹೋಗುತ್ತೆ. ಕ್ಲಾಸು ಕಡಿಮೆ. ಸೇರಿದ ಮೊದಲ ದಿನದಿಂದ ಕೊನೇ ದಿನದವರೆಗೆ ಒಬ್ಬ ಪ್ರೊಫೆಸರ್ ಲ್ಯಾಬಿನಲ್ಲಿ ನಿಮಗೊಂದು ಮೇಜು. ಉಪಕರಣ, ವಿಷಯ, ಕಾನ್ಫರೆನ್ಸಿಗೆ ಹೋಗುವ ಖರ್ಚು, ಕೆಲಸಕ್ಕೆ ಶಿಫಾರಸು, ಎಲ್ಲವೂ ಆ ಲ್ಯಾಬಿನಿಂದಲೇ. ಮಧ್ಯದಲ್ಲಿ ಲ್ಯಾಬ್ ಬದಲಿಸೋದು ನಿಯಮದಲ್ಲಿ ಸಾಧ್ಯ, ವ್ಯವಹಾರದಲ್ಲಿ ಬಹಳ ಕಷ್ಟ. ಅದಕ್ಕೇ ಲ್ಯಾಬಿನಿಂದ ವಿವಿಗೆ ಬನ್ನಿ, ವಿವಿಯಿಂದ ಲ್ಯಾಬಿಗೆ ಬೇಡ.

ಧಾರವಾಡ ಪೇಡಾ
ಲ್ಯಾಂಗ್ವೇಜ್ ಸ್ಕೂಲಿಗೆ ಮಾತ್ರ ರೊಕ್ಕ ಕಟ್ಟಬ್ಯಾಡ್ರಿ. ಬಿಇ ಮುಗಿಸಿದವ್ರು ಇಂಗ್ಲಿಷ್‌ನಾಗ ನಡಿಯೋ ಕೋರ್ಸಿಗೆ ಇಲ್ಲಿಂದಲೇ ನೇರ ಅರ್ಜಿ ಹಾಕಬಹುದು. ರಾಷ್ಟ್ರೀಯ ವಿವಿಗಳಿಗೆ ಏಜೆಂಟರ ಹಂಗೇ ಇಲ್ಲ, ಅರ್ಜಿ ಅವರ ಸೈಟಿನಾಗ ನೀವೇ ಹಾಕೋದು. ಲ್ಯಾಂಗ್ವೇಜ್ ಸ್ಕೂಲ್‌ನವ್ರು ಕನ್ಸಲ್ಟೆನ್ಸಿಗೆ ಕಮಿಷನ್ ಕೊಡ್ತಾರ, ರಾಷ್ಟ್ರೀಯ ವಿವಿ ಕೊಡಂಗಿಲ್ಲ. ಸಲಹೆ ಆ ಕಡೆ ವಾಲೂದು ಅದಕ್ಕ ನೋಡ್ರಿ.

ಮಂಡ್ಯ ಮೆಕ್
ಕೀಲಿಕೈ ಅವರೇ, ಅರ್ಧ ಒಪ್ತೀನಿ. ಆದ್ರೆ ಹೆಸರೂ ಬೇಕು ಕಣ್ರಿ. ಎರಡು ವರ್ಷ ಆದ್ಮೇಲೆ ಬೆಂಗಳೂರಿಗೆ ವಾಪಸ್ ಬಂದ್ರೆ ಇಲ್ಲಿನ ಎಚ್‌ಆರ್‌ಗೆ ತೊಯೊಹಾಶಿ, ನಾಗಾಓಕಾ ಥರದ ಸಣ್ಣ ವಿವಿ ಯಾವುದೂ ಗೊತ್ತಿರಲ್ಲ. ಟೋಕಿಯೊ, ಕ್ಯೋಟೊ ಅಂದ್ರೆ ಗೊತ್ತು. ಪ್ರೊಫೆಸರ್ ಎಷ್ಟೇ ದೊಡ್ಡವರಾದ್ರೂ ರೆಸ್ಯೂಮೆಯಲ್ಲಿ ಕಾಣೋದು ವಿವಿ ಹೆಸರೇ.

ಲ್ಯಾಬ್ ಕೀಲಿಕೈ
ಮಂಡ್ಯ, ವಾಪಸ್ ಬರೋರ ವಿಷಯದಲ್ಲಿ ಆ ಮಾತಿಗೆ ತೂಕ ಇದೆ. ಜಪಾನಿನಲ್ಲೇ ಕೆಲಸ ಬೇಕಿದ್ದರೆ ಲೆಕ್ಕ ಬೇರೆ. ಅಲ್ಲಿನ ಎಂಜಿನಿಯರಿಂಗ್ ವಿಭಾಗಗಳಿಗೆ ಕಂಪನಿಗಳು ‘ವಿವಿ ಶಿಫಾರಸು’ ಅಂತ ಸೀಟು ಕೊಡುತ್ತವೆ. ವಿಭಾಗವೇ ವಿದ್ಯಾರ್ಥಿಯನ್ನು ಸೂಚಿಸುತ್ತೆ, ಆಯ್ಕೆಯ ಸಾಧ್ಯತೆ ಹೆಚ್ಚು. ಆದರೆ ಆಯ್ಕೆಯಾದ ಮೇಲೆ ಬೇಡ ಅನ್ನೋ ಹಾಗಿಲ್ಲ, ಅಂದರೆ ಮುಂದಿನ ವರ್ಷ ಆ ವಿಭಾಗದ ಸೀಟಿಗೇ ಕುತ್ತು. ತೊಯೊಹಾಶಿ, ನಾಗಾಓಕಾ ಎರಡೂ 1976ರಲ್ಲಿ ಶುರುವಾದ ತಂತ್ರಜ್ಞಾನ ವಿವಿಗಳು. ಅಲ್ಲಿನ ಕೈಗಾರಿಕೆಯವರಿಗೆ ಅವುಗಳ ಪರಿಚಯ ಚೆನ್ನಾಗಿಯೇ ಇದೆ.

ಸಣ್ಣ ವಿವಿಯಲ್ಲಿ ದೊಡ್ಡ ಕೆಲಸ ಆಗಲ್ಲ ಅನ್ನೋದೂ ಸರಿಯಲ್ಲ. ಜೀವಕೋಶ ವಿಜ್ಞಾನಿ ಶಿನ್ಯಾ ಯಮನಾಕಾ ಅವರಿಗೆ ಮೊದಲ ಸ್ವತಂತ್ರ ಲ್ಯಾಬ್ ಸಿಕ್ಕಿದ್ದು 1999ರಲ್ಲಿ, ನಾರಾ ಪ್ರಾಂತ್ಯದ ಇಕೊಮಾದಲ್ಲಿರುವ ಸಣ್ಣ ವಿಜ್ಞಾನ–ತಂತ್ರಜ್ಞಾನ ವಿವಿ ನೈಸ್ಟ್‌ನಲ್ಲಿ. ಐಪಿಎಸ್ (ದೇಹದ ಯಾವುದೇ ಬಗೆಯ ಕೋಶವಾಗಬಲ್ಲ) ಜೀವಕೋಶದ ಕೆಲಸ ಶುರುವಾದದ್ದು ಅಲ್ಲೇ. ಕ್ಯೋಟೊಗೆ ಹೋದದ್ದು 2004ರಲ್ಲಿ, ನೊಬೆಲ್ ಬಂದದ್ದು 2012ರಲ್ಲಿ.

ಕಡಲತಡಿ
ಪ್ರೊಫೆಸರ್ ನೋಡಿ ಅಂತ ಎಲ್ಲರೂ ಹೇಳುವುದು, ಹೇಗೆ ನೋಡಬೇಕು ಅಂತ ಹೇಳುವವರು ಇಲ್ಲ ಮಾರಾಯ್ರೆ. ವೆಬ್‌ಸೈಟಿನಲ್ಲಿ ಎಲ್ಲ ಲ್ಯಾಬೂ ಒಂದೇ ರೀತಿ ಚಂದ ಕಾಣ್ತದೆ.

ಲ್ಯಾಬ್ ಕೀಲಿಕೈ
ಕಡಲತಡಿ, ಕೇಳಬೇಕಾದ್ದನ್ನೇ ಕೇಳಿದಿರಿ. ಮುಕ್ಕಾಲು ಪಾಲು ಮನೆಯಲ್ಲಿ ಕೂತೇ ಪತ್ತೆ ಮಾಡಬಹುದು.

ಮೊದಲು ಕಾಕೆನ್ ಡೇಟಾಬೇಸ್. ಜಪಾನ್ ಸರ್ಕಾರದ ಸಂಶೋಧನಾ ಅನುದಾನ ಯಾರಿಗೆ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟು ಅಂತ ಎಲ್ಲ ಅಲ್ಲಿ ಬಹಿರಂಗ. ಇಂಗ್ಲಿಷ್‌ನಲ್ಲೂ ಹುಡುಕಬಹುದು. ‘ಕಿಬಾನ್’ ಅನ್ನೋ ಮುಖ್ಯ ಅನುದಾನದಲ್ಲಿ ನಾಲ್ಕು ದರ್ಜೆ: ಎಸ್ ಅಂದರೆ 5 ಕೋಟಿಯಿಂದ 20 ಕೋಟಿ ಯೆನ್, ಎ ಅಂದರೆ 2ರಿಂದ 5 ಕೋಟಿ, ಬಿ ಅಂದರೆ 50 ಲಕ್ಷದಿಂದ 2 ಕೋಟಿ, ಸಿ ಅಂದರೆ 50 ಲಕ್ಷದವರೆಗೆ. ಇದು ಇಡೀ ಯೋಜನೆಯ ಮೊತ್ತ, ವರ್ಷದ್ದಲ್ಲ. ಡಿವೈಸ್ ತಯಾರಿಸುವ ಲ್ಯಾಬಿಗೆ ಹಣ ಬೇಕೇ ಬೇಕು, ಕ್ಲೀನ್‌ರೂಮ್ (ಚಿಪ್ ತಯಾರಿಸುವ ಧೂಳಿಲ್ಲದ ಕೋಣೆ) ಬಳಕೆಗೆ ಗಂಟೆ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕಾಗುತ್ತೆ. ಒಂದೇ ಒಂದು ಸಿ ದರ್ಜೆ ಇದ್ದು ಅದೂ ಈ ವರ್ಷ ಮುಗಿಯುತ್ತಿದ್ದರೆ, ಬೇರೆ ಕಡೆಯಿಂದ ಹಣ ಬರುತ್ತಿದೆಯಾ ನೋಡಿ. ಸಿಮ್ಯುಲೇಶನ್ ಲ್ಯಾಬಿಗಾದರೆ ಸಿ ದರ್ಜೆಯೂ ಸಾಕು.

ಎರಡನೆಯದು ವಯಸ್ಸು. ಬಹಳಷ್ಟು ರಾಷ್ಟ್ರೀಯ ವಿವಿಗಳಲ್ಲಿ ನಿವೃತ್ತಿ 65ಕ್ಕೆ, ಮಾರ್ಚ್ ಕೊನೆಗೆ. ವಯಸ್ಸು ನೇರವಾಗಿ ಕೊಟ್ಟಿರಲ್ಲ. ಸಂಶೋಧಕರ ವಿವರ ಇರುವ ರಿಸರ್ಚ್‌ಮ್ಯಾಪ್ ಸೈಟಿನಲ್ಲಿ ಬ್ಯಾಚುಲರ್ ಡಿಗ್ರಿ ಮುಗಿಸಿದ ವರ್ಷ ಇರುತ್ತೆ, ಅದರಿಂದ 22 ಕಳೆದರೆ ಹುಟ್ಟಿದ ವರ್ಷದ ಅಂದಾಜು. ನೀವು ಮುಗಿಸುವ ಮೊದಲೇ ಅವರು ನಿವೃತ್ತರಾದರೆ ಲ್ಯಾಬ್ ಮುಚ್ಚಬಹುದು, ನಿಮ್ಮನ್ನು ಬೇರೊಬ್ಬರ ಕೈಗೆ ಒಪ್ಪಿಸಬಹುದು. ಪಿಎಚ್‌ಡಿ ಆಲೋಚನೆ ಇರೋರು ಐದು ವರ್ಷ ಮುಂದಿನ ಲೆಕ್ಕ ಹಾಕಿ.

ಮೂರನೆಯದು ಲ್ಯಾಬಿನ ಸದಸ್ಯರ ಪುಟ. ಡಾಕ್ಟೊರಲ್ ವಿದ್ಯಾರ್ಥಿ ಒಬ್ಬರೂ ಇಲ್ಲ, ಇಪ್ಪತ್ತು ಮಂದಿ ಮಾಸ್ಟರ್ಸ್‌ನವರೇ ಅಂದರೆ ದಿನನಿತ್ಯ ಹೇಳಿಕೊಡುವವರು ಯಾರು? ವಿದೇಶಿ ಹೆಸರು ಒಂದೂ ಇಲ್ಲದಿದ್ದರೆ ಸೆಮಿನಾರ್ ಜಪಾನಿ ಭಾಷೆಯಲ್ಲೇ ಅಂತ ತಿಳಿಯಿರಿ. ಪ್ರಬಂಧಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಗಳದ್ದಾ, ಸಹಾಯಕ ಪ್ರೊಫೆಸರ್‌ದಾ ಅನ್ನೋದನ್ನೂ ನೋಡಿ.

ಕೊನೆಗೆ, ಅಲ್ಲೇ ಓದುತ್ತಿರುವ ಒಬ್ಬ ವಿದೇಶಿ ವಿದ್ಯಾರ್ಥಿಗೆ ಮೇಲ್ ಮಾಡಿ ಮೂರೇ ಪ್ರಶ್ನೆ ಕೇಳಿ. ಲ್ಯಾಬಿನಲ್ಲಿ ಇರಲೇಬೇಕಾದ ಹೊತ್ತು ಎಷ್ಟರಿಂದ ಎಷ್ಟರವರೆಗೆ? ಪ್ರೊಫೆಸರ್ ಜೊತೆ ಒಬ್ಬೊಬ್ಬರಿಗೇ ಭೇಟಿ ಎಷ್ಟು ವಾರಕ್ಕೊಮ್ಮೆ? ಸೆಮಿನಾರ್ ಯಾವ ಭಾಷೆಯಲ್ಲಿ?

ಸಿಲಿಕಾನ್ ಸಿದ್ದಣ್ಣ
ಇಸಿ ತಮ್ಮಾ, ಡಿವೈಸ್ ಅಂದಿರಲ್ಲ, ನಿಮ್ಮ ಪಟ್ಟಿಯಲ್ಲಿ ಇಲ್ಲದವನ್ನು ಹೇಳ್ತೀನಿ.

ತೊಹೊಕು ಇರಲಿ, ಅದನ್ನು ಬಿಡಬೇಡಿ. ಮ್ಯಾಗ್ನೆಟಿಕ್ ಮೆಮೊರಿ, ಸ್ಪಿಂಟ್ರಾನಿಕ್ಸ್‌ಗೆ ಆ ವಿವಿ ಇರುವ ಸೆಂಡೈ ಲೋಕಪ್ರಸಿದ್ಧ. ಗ್ಯಾಲಿಯಂ ನೈಟ್ರೈಡ್ ಬೇಕಿದ್ದರೆ ನಗೋಯ. ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್ ಪಡೆದ ಅಕಾಸಾಕಿ, ಅಮಾನೊ ಇಬ್ಬರೂ ಅಲ್ಲಿಯವರು, ಆ ಕೆಲಸ ಈಗ ಪವರ್ ಡಿವೈಸ್ ಕಡೆ ಬೆಳೆದಿದೆ. ಹಿರೋಶಿಮಾ ವಿವಿಯಲ್ಲಿ ಟ್ರಾನ್ಸಿಸ್ಟರ್ ಮಾಡೆಲಿಂಗ್ ಗಟ್ಟಿ, ಹೈಸಿಮ್ ಮಾಡೆಲ್ ಹುಟ್ಟಿದ್ದು ಅಲ್ಲಿ. ಮೈಕ್ರಾನ್ ಕಂಪನಿಯ ಮೆಮೊರಿ ಚಿಪ್ ಕಾರ್ಖಾನೆ ಇರೋದೂ ಅದೇ ಹಿಗಾಶಿ ಹಿರೋಶಿಮಾ ಊರಲ್ಲಿ. ತೊಯೊಹಾಶಿಗೆ ಕ್ಯಾಂಪಸ್ ಒಳಗೇ ಸ್ವಂತ ಚಿಪ್ ತಯಾರಿಕಾ ಸೌಲಭ್ಯ ಇದೆ, ವಿದ್ಯಾರ್ಥಿ ಡಿಸೈನಿಂದ ವೇಫರ್ ತನಕ ಕೈಯಾರೆ ಮಾಡಬಹುದು. ಕುಮಾಮೊಟೊದಲ್ಲಿ ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ ಕಾರ್ಖಾನೆ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮೇಲೆ ಕುಮಾಮೊಟೊ, ಕ್ಯೂಶು ವಿವಿಗಳಲ್ಲಿ ಈ ವಿಷಯಕ್ಕೆ ಒತ್ತು ಜಾಸ್ತಿಯಾಗಿದೆ. ಜಪಾನಿನದೇ ಚಿಪ್ ಕಂಪನಿ ರಾಪಿಡಸ್‌ನ ಕಾರ್ಖಾನೆ ಹೊಕ್ಕೈಡೊದ ಚಿತೋಸೆಯಲ್ಲಿ, ಸಪ್ಪೊರೊದ ಹೊಕ್ಕೈಡೊ ವಿವಿಗೆ ಹತ್ತಿರ.

ನನ್ನ ಅಭಿಪ್ರಾಯ ಕೇಳಿದರೆ ಒಂದು ದೊಡ್ಡ ಹೆಸರು, ಎರಡು ನಡುವಿನವು, ಒಂದು ಸಣ್ಣದು. ನಾಲ್ಕೇ ಲ್ಯಾಬ್, ನಾಲ್ಕನ್ನೂ ಆಳವಾಗಿ ಓದಿ. ಇಪ್ಪತ್ತು ಕಡೆ ಒಂದೇ ಮೇಲ್ ಕಳಿಸೋದರಿಂದ ಏನೂ ಆಗಲ್ಲ.

ಕಡಲತಡಿ
ಕ್ಯಾಂಪಸ್ ಎಲ್ಲಿದೆ ಅಂತಲೂ ನೋಡಿ ಆಯ್ತಾ. ಸೈನ್ಸ್ ಟೋಕಿಯೊದ ಸುಜುಕಾಕೆದಾಯ್ ಕ್ಯಾಂಪಸ್ ಇರುವುದು ಯೊಕೊಹಾಮಾದಲ್ಲಿ. ಟೋಕಿಯೊ ವಿವಿಯ ಕಾಶಿವಾ ಕ್ಯಾಂಪಸ್ ಚಿಬಾ ಪ್ರಾಂತ್ಯದಲ್ಲಿ. ಕ್ಯೋಟೊದ ಎಂಜಿನಿಯರಿಂಗ್ ಮಾಸ್ಟರ್ಸ್‌ನ ಬಹುಪಾಲು ಲ್ಯಾಬ್ ಗುಡ್ಡದ ಮೇಲಿನ ಕಾತ್ಸುರಾದಲ್ಲಿ, ಯೊಶಿದಾದಲ್ಲಿ ಅಲ್ಲ. ಕ್ಯೂಶುವಿನ ಇತೊ ಕ್ಯಾಂಪಸ್ ಫುಕುಓಕಾದ ಪಶ್ಚಿಮದ ಅಂಚಿಗೆ ಉಂಟು. ಜೈಸ್ಟ್ ಅನ್ನುವ ವಿವಿ ಇಶಿಕಾವಾದ ನೋಮಿಯ ಗುಡ್ಡದಲ್ಲಿ, ತ್ಸುರುಗಿ ರೈಲು ನಿಲ್ದಾಣಕ್ಕೆ ವಿವಿಯದ್ದೇ ಬಸ್ಸು. ಬಾಡಿಗೆ ಮನೆ ಹುಡುಕುವಾಗ ಇದೆಲ್ಲ ಬೇಕಾಗ್ತದೆ.

ಯೆನ್ ಲೆಕ್ಕ
ಹಣದ ಮಾತು ಯಾರೂ ಎತ್ತಲಿಲ್ಲ. ಪ್ರಶ್ನೆ ಕೇಳಿದವರ ಬಜೆಟ್ 8–10 ಲಕ್ಷ ರೂಪಾಯಿ, ಹಾಗಾಗಿ ಇದು ಮುಖ್ಯ.

ರಾಷ್ಟ್ರೀಯ ವಿವಿಗಳ ಪ್ರಮಾಣಿತ ದರ: ಮಾಸ್ಟರ್ಸ್ ಅರ್ಜಿ ಶುಲ್ಕ 30,000 ಯೆನ್, ಪ್ರವೇಶ ಶುಲ್ಕ 2,82,000, ಬೋಧನಾ ಶುಲ್ಕ ವರ್ಷಕ್ಕೆ 5,35,800. ಬೋಧನಾ ಶುಲ್ಕವನ್ನು ಎರಡು ಕಂತಲ್ಲಿ ಕಟ್ಟಬಹುದು. ಅಂದರೆ ಮೊದಲ ಕಂತಿನ ತನಕ 5,79,900, ಎರಡು ವರ್ಷಕ್ಕೆ ಒಟ್ಟು 13,83,600 ಯೆನ್. ಊಟ, ಬಾಡಿಗೆ, ಫೋನ್, ವಿಮೆ ಸೇರಿ ತಿಂಗಳಿಗೆ ಒಂದು ಲಕ್ಷ ಯೆನ್ ಇಟ್ಟುಕೊಂಡರೆ 24 ತಿಂಗಳಿಗೆ 24 ಲಕ್ಷ. ಎರಡೂ ಸೇರಿ ಸುಮಾರು 38 ಲಕ್ಷ ಯೆನ್. ಯೆನ್ ಅರ್ಧ ರೂಪಾಯಿಗಿಂತ ತುಸು ಮೇಲೆ ಅಂತ ಹಿಡಿದರೆ 20 ಲಕ್ಷ ರೂಪಾಯಿ ಆಸುಪಾಸು. ಬಜೆಟ್‌ನ ಎರಡು ಪಟ್ಟು. ಸ್ಕಾಲರ್‌ಶಿಪ್ ಇಲ್ಲದೆ ಹೊರಡಬೇಡಿ.

ಎಲ್ಲ ಕಡೆ ಇದೇ ದರ ಅಂದುಕೊಳ್ಳಬೇಡಿ. ಟೋಕಿಯೊ ಟೆಕ್ 2019ರಲ್ಲೇ 6,35,400ಕ್ಕೆ ಏರಿಸಿತ್ತು. ಟೋಕಿಯೊ ವಿವಿ 2025ರ ಏಪ್ರಿಲ್‌ನಿಂದ ಪದವಿ ತರಗತಿಗೆ 6,42,960 ಮಾಡಿದೆ, ಮಾಸ್ಟರ್ಸ್‌ಗೆ ಅದು 2029ರಿಂದ. ವಿದೇಶಿ ವಿದ್ಯಾರ್ಥಿಗಳ ಶುಲ್ಕಕ್ಕಿದ್ದ ಮಿತಿಯನ್ನು ಸರ್ಕಾರ 2024ರಲ್ಲಿ ತೆಗೆದುಹಾಕಿತು. ಅದರ ಮೇಲೆ ತೊಹೊಕು 2027ರಿಂದ ಸೇರುವ ವಿದೇಶಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 9 ಲಕ್ಷ ಯೆನ್ ಅಂತ ಪ್ರಕಟಿಸಿದೆ. ಹಳೇ ವಿಡಿಯೊ ನೋಡಿ ಲೆಕ್ಕ ಹಾಕಿದರೆ ಇಲ್ಲೇ ತಪ್ಪೋದು. ಅರ್ಜಿ ಹಾಕುವ ವರ್ಷದ ಪ್ರವೇಶ ಪ್ರಕಟಣೆ ತೆಗೆದು ನೋಡಿ. ಖಾಸಗಿ ವಿವಿಗಳ ಎಂಜಿನಿಯರಿಂಗ್ ಬೋಧನಾ ಶುಲ್ಕ ಇದರ ಎರಡು ಮೂರು ಪಟ್ಟು ಆಗಬಹುದು.

ಶುಲ್ಕ ವಿನಾಯಿತಿ ಅಂತ ಒಂದಿದೆ, ಪೂರ್ತಿ ಅಥವಾ ಅರ್ಧ. ಪ್ರವೇಶ ಶುಲ್ಕದ ವಿನಾಯಿತಿಗೆ ಹಣ ಕಟ್ಟುವ ಮೊದಲೇ ಅರ್ಜಿ ಹಾಕಬೇಕು. ಕಟ್ಟಿಬಿಟ್ಟರೆ ಮತ್ತೆ ಕೇಳುವ ಹಾಗಿಲ್ಲ. ಬೋಧನಾ ಶುಲ್ಕದ ವಿನಾಯಿತಿ ಒಮ್ಮೆ ಸಿಕ್ಕಿತು ಅಂತ ಸುಮ್ಮನಿರಬೇಡಿ, ಆಯಾ ವಿವಿ ಹೇಳಿದ ಅವಧಿಗೆ ಮತ್ತೆ ಮತ್ತೆ ಹಾಕಬೇಕು.

ಮಂಡ್ಯ ಮೆಕ್
ಪಾರ್ಟ್‌ಟೈಮ್ ಮಾಡಿ ಖರ್ಚು ತೂಗಿಸಬಹುದಲ್ಲ ಗುರು? ವಾರಕ್ಕೆ 28 ಗಂಟೆ ಬಿಡ್ತಾರೆ.

ಯೆನ್ ಲೆಕ್ಕ
ಕಾಗದದ ಮೇಲೆ ಆಗುತ್ತೆ. ಟೋಕಿಯೊದ ಕನಿಷ್ಠ ವೇತನ 2025ರ ಅಕ್ಟೋಬರ್‌ನಿಂದ ಗಂಟೆಗೆ 1,226 ಯೆನ್. ತಿಂಗಳಿಗೆ 112 ಗಂಟೆ ದುಡಿದರೆ 1,37,312. ಆದರೆ ಡಿವೈಸ್ ಲ್ಯಾಬಿನಲ್ಲಿ ಇದ್ದುಕೊಂಡು ವಾರಕ್ಕೆ 28 ಗಂಟೆ ಹೊರಗೆ ದುಡಿಯೋದು ಆಗದ ಮಾತು. ಲ್ಯಾಬಿನವರು 10–12 ಗಂಟೆ ಮಾಡಿದರೆ ಅದೇ ಹೆಚ್ಚು. ಅಲ್ಲದೆ ಇದಕ್ಕೆ ಇಮಿಗ್ರೇಶನ್‌ನ ಪ್ರತ್ಯೇಕ ಅನುಮತಿ ಬೇಕು, ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಫಾರಂ ಕೊಟ್ಟು ಪಡೆಯಬಹುದು. 28 ಗಂಟೆ ಅನ್ನೋದು ಎಲ್ಲ ಕೆಲಸ ಸೇರಿ, ಅಂಗಡಿಗೊಂದು ಲೆಕ್ಕ ಅಲ್ಲ. ವಿವಿಯ ದೀರ್ಘ ರಜೆಯಲ್ಲಿ ಮಾತ್ರ ದಿನಕ್ಕೆ 8 ಗಂಟೆ. ಮೀರಿದವರಿಗೆ ವೀಸಾ ನವೀಕರಣದಲ್ಲಿ ತೊಂದರೆ ಆಗುತ್ತೆ, ತೆರಿಗೆ ದಾಖಲೆಯಲ್ಲಿ ಎಲ್ಲ ಗೊತ್ತಾಗುತ್ತೆ.

ಧಾರವಾಡ ಪೇಡಾ
ಹಂಗಾರ ಮೆಕ್ಸ್ಟ್, ಅಂದ್ರ ಜಪಾನ್ ಶಿಕ್ಷಣ ಸಚಿವಾಲಯದ, ಸ್ಕಾಲರ್‌ಶಿಪ್ ಒಂದೇ ದಾರಿ ಅಂದಂಗಾತು. ಅದಕ್ಕ ಡಿಗ್ರಿ ಕೈಗೆ ಬಂದ ಮ್ಯಾಲೇ ಅರ್ಜಿ ಹಾಕಬೇಕು, ಹೌದಲ್ರಿ?

ಸೆಂಡೈ ಕಡೆಯವರು
ಪೇಡಾ ಅವರೇ, ಹಾಗಿಲ್ಲ. ಕೊನೇ ವರ್ಷದವರೂ ಹಾಕಬಹುದು, ಹೊರಡುವ ಮೊದಲು ಡಿಗ್ರಿ ಮುಗಿದಿರಬೇಕು ಅಷ್ಟೆ.

ಮೆಕ್ಸ್ಟ್‌ಗೆ ಎರಡು ಬಾಗಿಲು. ಒಂದು ರಾಯಭಾರ ಕಚೇರಿಯದು: ಏಪ್ರಿಲ್–ಮೇ ಹೊತ್ತಿಗೆ ಅರ್ಜಿ, ಆಮೇಲೆ ಲಿಖಿತ ಪರೀಕ್ಷೆ, ಸಂದರ್ಶನ. ಪಾಸಾದವರು ತಾವೇ ಪ್ರೊಫೆಸರರನ್ನು ಹಿಡಿದು ವಿವಿಯಿಂದ ಸ್ವೀಕಾರ ಪತ್ರ ತರಬೇಕು, ಅದನ್ನು ಕೋರಲು ಕೊನೇ ದಿನ ಸಾಮಾನ್ಯವಾಗಿ ಆಗಸ್ಟ್ ಅಂತ್ಯ. ಜುಲೈ ತನಕ ಪ್ರೊಫೆಸರಿಗೆ ಬರೆಯದೆ ಕೂತವರು ಇಲ್ಲಿ ಸಿಕ್ಕಿಬೀಳುತ್ತಾರೆ. ಹೊರಡೋದು ಮುಂದಿನ ವರ್ಷ. ಇನ್ನೊಂದು ವಿವಿ ಶಿಫಾರಸು: ಚಳಿಗಾಲದಲ್ಲಿ ವಿವಿಗೇ ಅರ್ಜಿ, ಅವರು ಸಚಿವಾಲಯಕ್ಕೆ ಹೆಸರು ಕಳಿಸುತ್ತಾರೆ, ಅದೇ ವರ್ಷ ಸೆಪ್ಟೆಂಬರ್–ಅಕ್ಟೋಬರ್‌ಗೆ ಪ್ರಯಾಣ. ಇದರಲ್ಲಿ ಲಿಖಿತ ಪರೀಕ್ಷೆ ಸಾಮಾನ್ಯವಾಗಿ ಇಲ್ಲ, ಪ್ರೊಫೆಸರ್ ಬೆಂಬಲವೇ ಎಲ್ಲ. ಒಂದೇ ವರ್ಷ ಎರಡು ಬಾಗಿಲನ್ನೂ ತಟ್ಟುವ ಮೊದಲು ಆ ವರ್ಷದ ನಿಯಮ ಓದಿ, ಸ್ಕಾಲರ್‌ಶಿಪ್ ಕಾಲ ಒಂದರ ಮೇಲೊಂದು ಬಿದ್ದರೆ ಅನರ್ಹ ಮಾಡುತ್ತಾರೆ.

ಮೊತ್ತ ಇತ್ತೀಚಿನ ವರ್ಷಗಳಲ್ಲಿ ತಿಂಗಳಿಗೆ ಸಂಶೋಧನಾ ವಿದ್ಯಾರ್ಥಿಗೆ (ಮಾಸ್ಟರ್ಸ್‌ಗೆ ಸೇರುವ ಮೊದಲು ಡಿಗ್ರಿಯಿಲ್ಲದೆ ಲ್ಯಾಬಿನಲ್ಲಿ ಇರುವವರಿಗೆ) 1,43,000 ಯೆನ್, ಮಾಸ್ಟರ್ಸ್‌ಗೆ 1,44,000, ಡಾಕ್ಟೊರಲ್‌ಗೆ 1,45,000. ಶುಲ್ಕ ಇಲ್ಲ, ವಿಮಾನದ ಟಿಕೆಟ್ಟೂ ಅವರದೇ.

ಅಂಕದ ಮಾತು: ವಿವಿ ಶಿಫಾರಸಿಗೆ ಕಳೆದ ಎರಡು ವರ್ಷದ ಸರಾಸರಿ 3ಕ್ಕೆ 2.30 ಬೇಕು. ಒಂದೊಂದು ವಿಷಯವನ್ನೂ ಬೇರೆ ಬೇರೆ ಪರಿವರ್ತಿಸುತ್ತಾರೆ. 80 ಮತ್ತು ಮೇಲಿದ್ದರೆ 3, 70ರಿಂದ 79ಕ್ಕೆ 2, 60ರಿಂದ 69ಕ್ಕೆ 1. ಹಾಗಾಗಿ ಒಟ್ಟು ಸಿಜಿಪಿಎ ನೋಡಿ ಸಮಾಧಾನ ಪಡಬೇಡಿ. ಐದನೇ ಸೆಮಿಸ್ಟರಿನಿಂದ ವಿಷಯವಾರು ಕೂಡಿ ನೋಡಿ, 60ರ ಆಸುಪಾಸಿನ ನಾಲ್ಕೈದು ವಿಷಯ ಇದ್ದರೂ ಸರಾಸರಿ ಜಾರುತ್ತೆ. 10 ಪಾಯಿಂಟ್ ಗ್ರೇಡನ್ನು ಹೇಗೆ ಇಳಿಸುತ್ತೀರಿ ಅಂತ ಆ ವಿವಿಯ ಅಂತರರಾಷ್ಟ್ರೀಯ ಕಚೇರಿಗೆ ಬರೆದು ಕೇಳಿ, ಉತ್ತರ ಕೊಡುತ್ತಾರೆ.

ಯೆನ್ ಲೆಕ್ಕ
ಇದಕ್ಕೆ ಎರಡು ಸೇರಿಸಿ. ಜಪಾನಿನ ವಿದ್ಯಾರ್ಥಿ ನೆರವು ಸಂಸ್ಥೆ ಜಾಸ್ಸೊದ ಆನರ್ಸ್ ಸ್ಕಾಲರ್‌ಶಿಪ್ ತಿಂಗಳಿಗೆ 48,000 ಯೆನ್, ಸೇರಿದ ಮೇಲೆ ವಿವಿ ಮೂಲಕ ಸಿಗೋದು. ಅದನ್ನು ನಂಬಿ ಹೊರಡಬೇಡಿ, ಸಿಕ್ಕರೆ ಬಾಡಿಗೆಗೆ ಆಯ್ತು. ಇನ್ನೊಂದು, ಪಿಎಚ್‌ಡಿಯವರಿಗೆ ಎಲ್ಲರೂ ಹೇಳುವ ‘ಸ್ಪ್ರಿಂಗ್’ ಧನಸಹಾಯ ಯೋಜನೆ. ಅದರ ಜೀವನವೆಚ್ಚದ ಭಾಗವನ್ನು 2027ನೇ ಸಾಲಿನಿಂದ ಜಪಾನಿ ನಾಗರಿಕರಿಗೆ ಮಾತ್ರ ಅಂತ ಸಚಿವಾಲಯ 2025ರಲ್ಲಿ ನಿರ್ಧರಿಸಿದೆ. ಹಳೇ ಸಲಹೆ ನಂಬಿ ಮಾಸ್ಟರ್ಸ್ ಆದಮೇಲೆ ಹೇಗೋ ನಡೆಯುತ್ತೆ ಅಂದುಕೊಳ್ಳಬೇಡಿ.

ನೇರ ಪಿಎಚ್‌ಡಿ
ಒಕಿನಾವಾದ ವಿಜ್ಞಾನ ವಿವಿ ಓಯಿಸ್ಟ್ ಹೆಸರು ಯಾಕೆ ಯಾರೂ ಎತ್ತಲಿಲ್ಲ? ಬಿಇ ಮುಗಿಸಿದವರೇ ನೇರ ಐದು ವರ್ಷದ ಪಿಎಚ್‌ಡಿಗೆ ಸೇರಬಹುದು. ಪೂರ್ತಿ ಇಂಗ್ಲಿಷ್, ವಿಭಾಗಗಳೇ ಇಲ್ಲ, ಮೊದಲ ವರ್ಷ ಮೂರು ಲ್ಯಾಬ್ ಸುತ್ತಿ ಆಮೇಲೆ ಒಂದನ್ನು ಆರಿಸಿಕೊಳ್ಳೋದು, ವರ್ಷಕ್ಕೆ ಸುಮಾರು 30 ಲಕ್ಷ ಯೆನ್ ಬೆಂಬಲ. ಮೊದಲೇ ಪ್ರೊಫೆಸರರನ್ನು ಹುಡುಕುವ ಕಷ್ಟವೂ ಇಲ್ಲ. ಆದರೆ ಭೌತಶಾಸ್ತ್ರ, ನರವಿಜ್ಞಾನ, ಸಮುದ್ರ ವಿಜ್ಞಾನದ ಕಡೆ ಒಲವು ಹೆಚ್ಚು. ಚಿಪ್ ತಯಾರಿಕೆಯೇ ಬೇಕು ಅನ್ನೋರಿಗೆ ಅಷ್ಟಾಗಿ ಹೊಂದಲ್ಲ. ಸೀಟು ಕಡಿಮೆ, ಪೈಪೋಟಿ ಜೋರು.

ಇಸಿ ಎಂಟನೇ ಸೆಮ್
ತುಂಬಾ ಉಪಕಾರ. ಪ್ರೊಫೆಸರಿಗೆ ಬರೆಯುವ ಮೇಲ್‌ನಲ್ಲಿ ಏನಿರಬೇಕು? ಉತ್ತರವೇ ಬರಲ್ಲ ಅಂತಾರೆ.

ಸೆಂಡೈ ಕಡೆಯವರು
‘ಗೌರವಾನ್ವಿತ ಸರ್, ನಿಮ್ಮ ಪ್ರತಿಷ್ಠಿತ ಲ್ಯಾಬ್’ ಅಂತ ಶುರುವಾಗಿ ಹೆಸರೇ ಇಲ್ಲದ ಮೇಲ್‌ಗೆ ಉತ್ತರ ಬರಲ್ಲ. ವಿಷಯದ ಸಾಲಿನಲ್ಲೇ ಕೋರ್ಸ್, ಸೇರುವ ತಿಂಗಳು, ವರ್ಷ ಇರಲಿ. ಒಳಗೆ ಮೊದಲ ಎರಡು ಸಾಲು ನೀವು ಯಾರು. ಆಮೇಲೆ ಅವರ ಕಳೆದ ಮೂರು ವರ್ಷದ ಒಂದು ಪ್ರಬಂಧ ಹಿಡಿದು, ಅದರ ಯಾವ ಫಲಿತಾಂಶದಿಂದ ನಿಮಗೆ ಯಾವ ಪ್ರಶ್ನೆ ಹುಟ್ಟಿತು ಅಂತ ನಾಲ್ಕು ಸಾಲು. ಮೆಚ್ಚುಗೆ ಬೇಡ, ಪ್ರಶ್ನೆ ಬೇಕು. ನಂತರ ನಿಮಗೆ ಬರುವ ಕೆಲಸ: ಯಾವ ಸಿಮ್ಯುಲೇಟರ್, ಯಾವ ಅಳತೆ ಉಪಕರಣ. ಕೊನೆಗೆ ಹಣದ ದಾರಿ: ಮೆಕ್ಸ್ಟ್ ರಾಯಭಾರವಾ, ವಿವಿ ಶಿಫಾರಸಾ. ಇದನ್ನು ಬರೆಯದಿದ್ದರೆ ‘ಸಂಬಳ ಕೊಡಿ ಅಂತಾನೇನೋ’ ಅಂತ ಅವರಿಗೆ ಅನುಮಾನ, ಉತ್ತರವೇ ಬರೆಯಲ್ಲ. ಲಗತ್ತು ಎರಡು ಪುಟದ ಸಿವಿ, ಅಂಕಪಟ್ಟಿ, ಒಂದು ಪುಟದ ಸಂಶೋಧನಾ ಯೋಜನೆ, ಒಂದೇ ಪಿಡಿಎಫ್‌ನಲ್ಲಿ.

ಎರಡು ವಾರ ಕಾದು ಒಂದು ಸಲ ನೆನಪಿಸಿ. ಒಂದೇ ವಿಭಾಗದ ಇಬ್ಬರಿಗೆ ಒಟ್ಟಿಗೆ ಬರೆಯಬೇಡಿ, ಮಧ್ಯಾಹ್ನದ ಊಟಕ್ಕೆ ಅವರು ಒಟ್ಟಿಗೆ ಹೋಗುವವರು. ಫೆಬ್ರವರಿ ಪೂರ್ತಿ ಪ್ರಬಂಧ ಪರೀಕ್ಷೆ, ಪ್ರವೇಶ ಪರೀಕ್ಷೆಯ ಗದ್ದಲ ಇರುತ್ತೆ, ಆಗ ಉತ್ತರ ತಡ. ಕೆಲವು ವಿಭಾಗಗಳು ‘ವಿದ್ಯಾರ್ಥಿಗಳು ನೇರ ಬರೆಯಬಾರದು, ಕಚೇರಿ ಮೂಲಕ ಬನ್ನಿ’ ಅಂತ ಸೈಟಿನಲ್ಲೇ ಹಾಕಿರುತ್ತವೆ. ಅದನ್ನು ಮೀರಬೇಡಿ.

ಬಿಎಸ್ಸಿ ಮೂರು ವರ್ಷ
ಮೂರು ವರ್ಷದ ಬಿಎಸ್ಸಿ ಆದವರಿಗೆ ಮಾಸ್ಟರ್ಸ್ ಬಾಗಿಲು ಮುಚ್ಚಿದೆಯಾ?

ಲ್ಯಾಬ್ ಕೀಲಿಕೈ
ಮುಚ್ಚಿಲ್ಲ. ಮೂಲ ನಿಯಮ 16 ವರ್ಷದ ಓದು, 12+3 ಅಂದರೆ 15. ಆದರೆ 2016ರ ತಿದ್ದುಪಡಿಯಂತೆ ವಿದೇಶದ ಮೂರು ವರ್ಷದ ಪದವಿಗೂ ಷರತ್ತಿನ ಮೇಲೆ ಅರ್ಹತೆ ಇದೆ, ಜೊತೆಗೆ ವಿವಿಗಳು ಒಬ್ಬೊಬ್ಬರ ಅರ್ಹತೆಯನ್ನು ಪ್ರತ್ಯೇಕವಾಗಿಯೂ ಪರಿಶೀಲಿಸುತ್ತವೆ. ಈ ಪರಿಶೀಲನೆಗೆ ಅರ್ಜಿಯ ಗಡುವಿಗಿಂತ ಒಂದೆರಡು ತಿಂಗಳು ಮೊದಲೇ ಕಾಗದ ಕಳಿಸಬೇಕು. ಎಂಎಸ್ಸಿ ಮುಗಿಸಿದ್ದರೆ ಈ ತಲೆಬಿಸಿಯೇ ಇಲ್ಲ.

ಡಿಪ್ಲೊಮಾ ಮಾಡಿ ಎರಡನೇ ವರ್ಷದ ಬಿಇಗೆ ಸೇರಿದವರೂ ಹೆದರಬೇಕಿಲ್ಲ. 10+3+3, ಒಟ್ಟು 16. ಆದರೆ ಅರ್ಜಿ ಫಾರಂನಲ್ಲಿ ಡಿಪ್ಲೊಮಾದ ಮೂರು ವರ್ಷವನ್ನು ಬಿಡದೆ ತೋರಿಸಿ, ಇಲ್ಲದಿದ್ದರೆ 13 ವರ್ಷದ ಓದು ಅಂತ ಅನರ್ಹ ಮಾಡಿಬಿಡುತ್ತಾರೆ.

ಪಿಯು ಪೋಷಕಿ
ಮಗಳು ಪಿಸಿಎಂ ಓದ್ತಿದ್ದಾಳೆ. ಪಿಯು ಆದ ಕೂಡಲೇ ಇಂಗ್ಲಿಷ್‌ನಲ್ಲಿ ಎಂಜಿನಿಯರಿಂಗ್ ಪದವಿ ಎಲ್ಲೆಲ್ಲಿದೆ?

ನೇರ ಪಿಎಚ್‌ಡಿ
ಇದೆ ಅಕ್ಕ, ಆದರೆ ಆಯ್ಕೆ ಕಡಿಮೆ. ತೊಹೊಕುವಿನ ಎಫ್‌ಜಿಎಲ್‌ನಲ್ಲಿ ಮೆಕ್ಯಾನಿಕಲ್–ಏರೋಸ್ಪೇಸ್, ನಗೋಯದ ಜಿ30, ಕ್ಯೂಶು ಎಂಜಿನಿಯರಿಂಗ್, ಸೈನ್ಸ್ ಟೋಕಿಯೊದ ಜಿಎಸ್‌ಇಪಿ, ಐಜು ವಿವಿಯ ಕಂಪ್ಯೂಟರ್ ಸೈನ್ಸ್. ಖಾಸಗಿಯಲ್ಲಿ ಶಿಬಾಉರಾ, ರಿತ್ಸುಮೆಕಾನ್, ವಾಸೆದಾ. ಕ್ಯೋಟೊದ ಐಯುಪಿಗೆ ಸೇರುವಾಗ ಜಪಾನಿ ಬೇಡ, ಆದರೆ ಆಮೇಲೆ ಮೇಜರ್ ಓದೋದು ಜಪಾನಿ ಭಾಷೆಯಲ್ಲೇ. ಅದನ್ನು ತಿಳಿದೇ ಒಪ್ಪಿಕೊಳ್ಳಿ. ಟೋಕಿಯೊ ವಿವಿಯ ‘ಪೀಕ್’ ಅನ್ನು ಈಗ ಪಟ್ಟಿಯಿಂದ ತೆಗೆಯಿರಿ, ಅದನ್ನು ನಿಲ್ಲಿಸುತ್ತಿದ್ದಾರೆ, 2027ರ ಶರತ್ಕಾಲಕ್ಕೆ ಕಾಲೇಜ್ ಆಫ್ ಡಿಸೈನ್ ಅನ್ನೋ ಹೊಸದು ಶುರು. ನನ್ನ ಮಾತು ಕೇಳಿದರೆ ಪದವಿ ಇಲ್ಲೇ ಮುಗಿಸಿ ಮಾಸ್ಟರ್ಸ್‌ಗೆ ಹೋಗೋದು ವಾಸಿ. ಸ್ಕಾಲರ್‌ಶಿಪ್ ಸಿಗುವ ಸಾಧ್ಯತೆ ಆಗ ಹೆಚ್ಚು.

ಮಂಡ್ಯ ಮೆಕ್
ಇಂಗ್ಲಿಷ್ ಕೋರ್ಸ್ ಇದ್ದ ಮೇಲೆ ಜಪಾನಿ ಯಾಕೆ ಕಲೀಬೇಕು ಅನ್ನೋರಿಗೆ ಒಂದು ಮಾತು. ಡಿಗ್ರಿ ಇಂಗ್ಲಿಷ್‌ನಲ್ಲಿ ಸಿಗುತ್ತೆ, ಲ್ಯಾಬಿನ ಸುರಕ್ಷತಾ ಸೂಚನೆ, ಉಪಕರಣದ ಕೈಪಿಡಿ, ಮನೆ ಕರಾರು ಬಹಳಷ್ಟು ಕಡೆ ಇಂಗ್ಲಿಷ್‌ನಲ್ಲಿ ಇರಲ್ಲ. ಕೆಲಸಕ್ಕೆ ಬಹಳಷ್ಟು ಕಂಪನಿ ಎನ್2 ಕೇಳ್ತವೆ. ಮಾಸ್ಟರ್ಸ್ ಮೊದಲ ವರ್ಷದ ಬೇಸಿಗೆ ಇಂಟರ್ನ್‌ಶಿಪ್‌ನಲ್ಲೇ ಕೆಲಸದ ಹುಡುಕಾಟ ಶುರುವಾಗುತ್ತೆ, ಅಲ್ಲಿಗೆ ಹೋದ ಮೇಲೆ ಕಲಿಯೋಕೆ ಪುರುಸೊತ್ತಿಲ್ಲ. ಈ ಎನ್ ಮಟ್ಟಗಳ ಭಾಷಾ ಪರೀಕ್ಷೆ ಜೆಎಲ್‌ಪಿಟಿ ಬೆಂಗಳೂರಲ್ಲೇ ಬರೀಬಹುದು, ಹೊರಡೋ ಹೊತ್ತಿಗೆ ಎನ್4 ಆದ್ರೂ ಆಗಿರಲಿ.

ಹೆಸರೇ ಸಮಸ್ಯೆ
ನಮ್ಮ ಕಡೆಯವರಿಗೆ ಮಾತ್ರ ಬರುವ ತೊಡಕು ಒಂದಿದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆ ಹೆಸರು ಸೇರಿ ಬೇರೆ ರೂಪ. ವಿವಿಗಳ ಆನ್‌ಲೈನ್ ಅರ್ಜಿಯಲ್ಲಿ ಸರ್‌ನೇಮ್ ಇಲ್ಲದೆ ಮುಂದಿನ ಪುಟಕ್ಕೆ ಹೋಗಲ್ಲ. ಮನಸ್ಸಿಗೆ ಬಂದಿದ್ದು ತುಂಬಬೇಡಿ. ವಿವಿಗೆ ಪಾಸ್‌ಪೋರ್ಟ್ ಪ್ರತಿ ಕಳಿಸಿ ಹೇಗೆ ತುಂಬಬೇಕು ಅಂತ ಮೇಲ್‌ನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ಸಿಒಇ (ವೀಸಾಕ್ಕೆ ಮೊದಲು ಜಪಾನ್ ಇಮಿಗ್ರೇಶನ್ ಕೊಡುವ ಅರ್ಹತಾ ಪತ್ರ), ವೀಸಾ, ರೆಸಿಡೆನ್ಸ್ ಕಾರ್ಡ್, ಬ್ಯಾಂಕ್ ಖಾತೆ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು ಬರಬೇಕು. ಅಂಕಪಟ್ಟಿಗೂ ಪಾಸ್‌ಪೋರ್ಟ್‌ಗೂ ವ್ಯತ್ಯಾಸ ಇದ್ದರೆ ನೋಟರಿ ಅಫಿಡವಿಟ್ ಈಗಲೇ ಮಾಡಿಸಿಡಿ. ಸಿಒಇಗೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತೆ, ಅದನ್ನು ಹೊರಡಿಸಿದ ದಿನದಿಂದ ಮೂರು ತಿಂಗಳೊಳಗೆ ಜಪಾನ್ ಪ್ರವೇಶಿಸಬೇಕು.

ಕಡಲತಡಿ
ವಿಷಯ ಬಿಟ್ಟು ಒಂದು: ಕರಿಬೇವು, ಮಾವಿನಹಣ್ಣು ತಗೊಂಡು ಹೋಗಬೇಡಿ. ತಾಜಾ ಸೊಪ್ಪು, ಹಣ್ಣಿಗೆ ಸಸ್ಯ ತಪಾಸಣೆಯ ಸರ್ಟಿಫಿಕೇಟ್ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೀತಾರೆ. ತೊಗರಿಬೇಳೆ, ಸಾಂಬಾರ ಪುಡಿ ಟೋಕಿಯೊದ ಶಿನ್ ಓಕುಬೊ, ನಿಶಿ ಕಸಾಯ್ ಅಂಗಡಿಗಳಲ್ಲಿ ಸಿಗ್ತದೆ, ಬೇರೆ ಊರಿಗೆ ಆನ್‌ಲೈನ್ ತರಿಸಬಹುದು. ಸಸ್ಯಾಹಾರಿಗಳು ತಿಳಿದಿರಲಿ, ಸೂಪು, ಸಾಸ್‌ಗಳಲ್ಲಿ ಮೀನಿನ ಸಾರ ಸಾಮಾನ್ಯ.

ಪಿಯು ಪೋಷಕಿ
ಔಷಧಿ?

ಕಡಲತಡಿ
ವೈದ್ಯರು ಬರೆದುಕೊಟ್ಟದ್ದು ಒಂದು ತಿಂಗಳಿಗೆ ಆಗುವಷ್ಟು, ಚೀಟಿಯಿಲ್ಲದೆ ಸಿಗುವಂಥದ್ದು ಎರಡು ತಿಂಗಳಿಗೆ ಆಗುವಷ್ಟು. ಅದಕ್ಕಿಂತ ಹೆಚ್ಚು ಬೇಕಿದ್ದರೆ ‘ಯುನ್ಯು ಕಾಕುನಿನ್‌ಶೊ’ ಅನ್ನುವ ಪತ್ರವನ್ನು ಮೊದಲೇ ಮಾಡಿಸಬೇಕು. ಸ್ಯೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗೆ ಅಲ್ಲಿ ನಿಷೇಧ ಉಂಟು. ಚೀಟಿ ಇಂಗ್ಲಿಷ್‌ನಲ್ಲಿ ಇರಲಿ.

ಇಸಿ ಎಂಟನೇ ಸೆಮ್
ಕೊನೇ ಪ್ರಶ್ನೆ. ಹಿರೋಶಿಮಾದ ಒಂದು ಲ್ಯಾಬ್, ತೊಯೊಹಾಶಿಯ ಒಂದು, ನಗೋಯ, ತೊಹೊಕು ಒಂದೊಂದು ಅಂತ ಪಟ್ಟಿ ಬದಲಿಸ್ತಾ ಇದ್ದೀನಿ. ಒಬ್ಬ ಪ್ರೊಫೆಸರ್ ‘ಮೊದಲು ಆರು ತಿಂಗಳು ಸಂಶೋಧನಾ ವಿದ್ಯಾರ್ಥಿಯಾಗಿ ಬನ್ನಿ, ಆಮೇಲೆ ಪ್ರವೇಶ ಪರೀಕ್ಷೆ ಬರೆಯಿರಿ’ ಅಂದರೆ ಒಪ್ಪಬಹುದಾ?

ಸೆಂಡೈ ಕಡೆಯವರು
ಮೆಕ್ಸ್ಟ್ ಇದ್ದರೆ ಒಪ್ಪಿ, ಅದೇ ಮಾಮೂಲಿ ದಾರಿ. ಸ್ವಂತ ಖರ್ಚಾದರೆ ಯೋಚಿಸಿ. ಸಂಶೋಧನಾ ವಿದ್ಯಾರ್ಥಿಗೆ ಡಿಗ್ರಿ ಇಲ್ಲ. ಪ್ರಮಾಣಿತ ದರ ಅರ್ಜಿ ಶುಲ್ಕ 9,800, ಪ್ರವೇಶ ಶುಲ್ಕ 84,600, ತಿಂಗಳಿಗೆ 29,700 ಯೆನ್. ಮಾಸ್ಟರ್ಸ್‌ಗೆ ಸೇರುವಾಗ 2,82,000 ಮತ್ತೆ ಬೇರೆ. ಪರೀಕ್ಷೆ ಹೆಚ್ಚಿನ ಕಡೆ ಆಗಸ್ಟ್‌ನಲ್ಲಿ. ಪಾಸಾಗುವ ಖಾತರಿಯನ್ನು ಪ್ರೊಫೆಸರ್ ಕೊಡಲಾರರು. ‘ಭಾರತದಿಂದಲೇ ದಾಖಲೆ ಮತ್ತು ಆನ್‌ಲೈನ್ ಸಂದರ್ಶನದ ಮೇಲೆ ಪ್ರವೇಶ ಕೊಡುವ ವಿಶೇಷ ಆಯ್ಕೆ ನಿಮ್ಮ ವಿಭಾಗದಲ್ಲಿ ಇದೆಯೇ?’ ಅಂತ ವಿನಯದಿಂದ ಕೇಳಿ. ಇದ್ದರೆ ಅದಕ್ಕೇ ಹಾಕಿ. ಇಲ್ಲದಿದ್ದರೆ ವಿಭಾಗದ ಸೈಟಿನಿಂದ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಇಳಿಸಿಕೊಂಡು, ಗಣಿತ, ಎಲೆಕ್ಟ್ರೊಮ್ಯಾಗ್ನೆಟಿಕ್ಸ್, ಸರ್ಕ್ಯೂಟ್ ಮೂರನ್ನೂ ಸಮಯ ಹಿಡಿದು ಬಿಡಿಸಿ ನೋಡಿ. ಅದಾದ ಮೇಲೆ ಅವರಿಗೆ ಉತ್ತರ ಬರೆಯಿರಿ.